ಶಾಲೆ ಕಾಣದವರು ಕಟ್ಟಿದ ಶಾಲೆ: ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳ ಜೀವನ

ಶ್ರಾವಣಮಾಸದ ಸಂಜೆಗಳಲ್ಲಿ ಮಠದ ಪೌಳಿಯಲ್ಲಿ ಭಜನೆಯೂ ವಚನಗಾಯನವೂ ನಡೆಯುವಾಗ, ಹಿರಿಯರ ನಡುವೆ ಕುಳಿತ ಒಂದು ಮಗುವಿನ ಕಂಠ ಎಲ್ಲರ ಕಿವಿಯನ್ನೂ ಸೆಳೆಯುವುದುಂಟು. ಕೂಡಿದವರು ಮಗುವನ್ನು ಹರಸುತ್ತಾರೆ. ತಂದೆತಾಯಿಗಳಿಗೆ ಸಂತೋಷವಾಗುತ್ತದೆ. ಆದರೆ ಮನೆಗೆ ಮರಳಿದ ಮೇಲೆ ಆ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಹುಟ್ಟಿಕೊಳ್ಳುತ್ತದೆ. ಈ ಮಗುವನ್ನು ಸಂಗೀತಕ್ಕೆ ಬಿಡಬೇಕೆ, ಶಾಲೆಯಲ್ಲಿಯೇ ಇರಿಸಬೇಕೆ? ಓದಿನ ಹೊರೆ ಹೆಚ್ಚಾದಂತೆ ಹಾಡು ಹಿಂದೆ ಬೀಳುತ್ತದೆ; ಹಾಡಿಗೆ ಮನಸ್ಸು ಕೊಟ್ಟರೆ ಪರೀಕ್ಷೆ ಕೆಡುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗೃಹಸ್ಥರಿಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಮಹಾಗಾಯಕರಾರೂ ಶಾಲೆಯಲ್ಲಿ ಓದಿ ದೊಡ್ಡವರಾಗಲಿಲ್ಲ, ಆದುದರಿಂದ ಶಾಲೆ ಅನಾವಶ್ಯಕವೆಂದು ಒಂದು ಪಕ್ಷ. ವಿದ್ಯಾಭ್ಯಾಸವನ್ನು ಬಿಟ್ಟು ಹಾಡಿನ ಬೆನ್ನು ಹತ್ತಿದವರು ಅನ್ನಕ್ಕೆ ಎರವಾದರು, ಆದುದರಿಂದ ಸಂಗೀತ ಬಿಡುವಿನ ವೇಳೆಯ ವಿನೋದವಾಗಿರಲೆಂದು ಇನ್ನೊಂದು ಪಕ್ಷ. ಮೊದಲನೆಯ ಪಕ್ಷದವರು ತಮ್ಮ ಮಾತಿಗೆ ಸಾಕ್ಷಿಯಾಗಿ ಕರೆಯುವ ಹೆಸರುಗಳಲ್ಲಿ ಗದಗಿನ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳದು ಮುಖ್ಯವಾದುದು. ಕಣ್ಣಿಲ್ಲದ, ಸ್ಲೇಟು ಹಿಡಿಯದ ಬಾಲಕನೊಬ್ಬ ಉಭಯ ಸಂಗೀತಗಳಲ್ಲಿಯೂ ಪಾರಂಗತನಾದನೆಂಬುದು ನಿಜವೇ ಆಗಿದೆ. ಆದರೆ ಆ ಪುಣ್ಯಜೀವನವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವರಿಗೆ ಆ ಸಾಕ್ಷ್ಯ ಬೇರೊಂದು ಮಾತನ್ನೇ ಹೇಳುತ್ತದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ನಮ್ಮ ಉದ್ದೇಶ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಎಂಬುದು ಒಂದು ಚಿಕ್ಕ ಗ್ರಾಮ. ಅದು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿನ ಚರಂತಿಮಠದ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಜಂಗಮ ದಂಪತಿಗಳ ಉದರದಲ್ಲಿ 1892ರ ಫೆಬ್ರುವರಿ 2ರಂದು ಒಂದು ಗಂಡುಮಗು ಜನಿಸಿತು. ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಮಗು ಹುಟ್ಟುಕುರುಡು. ಅದಕ್ಕಿಂತ ಮೊದಲು ಹುಟ್ಟಿದ್ದ ಗುರುಬಸವಯ್ಯನೂ ಅಂಧನೇ ಆಗಿದ್ದನು. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿಗೆ ಕಣ್ಣಿಲ್ಲವೆಂದರೆ ಬಡ ತಂದೆತಾಯಿಗಳ ಸಂಕಟ ಎಷ್ಟಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆ ಕಾಲದ ಹಳ್ಳಿಯಲ್ಲಿ ಅಂಧಬಾಲಕನಿಗೆ ಶಾಲೆಯೆಂಬುದಿರಲಿಲ್ಲ. ಹಲಗೆಯ ಮೇಲೆ ಬರೆದ ಅಕ್ಷರ ಅವನ ಪಾಲಿಗೆ ಇಲ್ಲದಂತೆಯೇ. ಹೊಲದ ಕೆಲಸ ಅವನಿಂದಾಗದು. ಮನೆಯವರ ಕೈಹಿಡಿದು ನಡೆಯುವುದು, ಅವರಿಕ್ಕಿದ್ದನ್ನುಣ್ಣುವುದು, ಅವರ ಕಾಲಾನಂತರ ಯಾರದೋ ಕರುಣೆಯಲ್ಲಿ ದಿನ ನೂಕುವುದು, ಇಷ್ಟೇ ಅಂತಹ ಮಕ್ಕಳಿಗೆ ಲೋಕ ಗೊತ್ತುಮಾಡಿದ್ದ ಬಾಳು. ಆದುದರಿಂದ ಗದಿಗೆಯ್ಯನು ಶಾಲೆಯನ್ನು ಬೇಡವೆಂದು ಬಿಟ್ಟವನಲ್ಲ. ಶಾಲೆಯೇ ಅವನಿಗೆ ಇಲ್ಲವಾಗಿತ್ತು. ಬಿಟ್ಟುದಕ್ಕೂ ಇಲ್ಲದುದಕ್ಕೂ ಇರುವ ಅಂತರವನ್ನು ಮೊದಲನೆಯ ಪಕ್ಷದವರು ಮರೆಯುತ್ತಾರೆ.

ಸಹೋದರರಿಬ್ಬರಿಗೂ ಒಳ್ಳೆಯ ಕಂಠವಿತ್ತು. ಕಿವಿಗೆ ಬಿದ್ದ ಹಾಡನ್ನು ಅವರು ಬಿಡುತ್ತಿರಲಿಲ್ಲ. ಆ ಹಾಡು ಒಂದು ದಿನ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಕಿವಿಯನ್ನು ಮುಟ್ಟಿತು. 1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಈ ಪೂಜ್ಯರು ಸಮಾಜಸೇವೆಗಾಗಿಯೇ ಬದುಕಿದವರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದವರೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ನೆಲೆಗೊಳಿಸಿದವರೂ ಅವರೇ. ಅವರು ಆ ಅಂಧಬಾಲಕರನ್ನು ನೋಡಿ ಕನಿಕರಪಟ್ಟು ಕೈಗೊಂದಿಷ್ಟು ಕಾಸು ಹಾಕಿ ಮುಂದೆ ಹೋಗಿದ್ದರೆ ಲೋಕ ಅದನ್ನೂ ದಾನವೆಂದೇ ಕರೆಯುತ್ತಿತ್ತು. ಆದರೆ ಶ್ರೀಗಳವರು ಹಾಗೆ ಮಾಡಲಿಲ್ಲ. ಮಕ್ಕಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅನ್ನವಸ್ತ್ರಗಳ ಭಾರವನ್ನು ಹೊತ್ತರು. ಎಲ್ಲಕ್ಕಿಂತ ಹೆಚ್ಚಾಗಿ, ಅವರಿಗೆ ಕಲಿಸುವ ಗುರುಗಳನ್ನು ಹುಡುಕಿದರು.

ಅಣ್ಣನಾದ ಗುರುಬಸವಯ್ಯನು ಬಹುಕಾಲ ಬದುಕಲಿಲ್ಲ. ಒಟ್ಟಿಗೆ ಹಾಡುತ್ತಿದ್ದ ಎರಡು ಕಂಠಗಳಲ್ಲಿ ಒಂದು ಅಡಗಿತು. ಉಳಿದ ಗದಿಗೆಯ್ಯನ ಮೇಲೆ ಶ್ರೀಗಳವರ ಆರೈಕೆಯೆಲ್ಲ ನೆಲೆಸಿತು. ಮುಂದೆ ಅವನಿಗೆ ಪಂಚಾಕ್ಷರಿ ಎಂಬ ಹೆಸರು ಬಂದಿತು. ಒಂದಕ್ಷರವನ್ನೂ ಕಣ್ಣಿನಿಂದ ಕಾಣದ ಬಾಲಕನಿಗೆ ಐದಕ್ಷರದ ಶಿವಮಂತ್ರವೇ ಹೆಸರಾಯಿತೆಂಬುದನ್ನು ಭಕ್ತರು ಇಂದಿಗೂ ನೆನೆಯುತ್ತಾರೆ.

ಇನ್ನು ಅವರ ವಿದ್ಯಾಭ್ಯಾಸದ ಮಾತು. ಶ್ರೀ ಕುಮಾರಸ್ವಾಮಿಗಳವರು ಮೊದಲು ಈ ಶಿಷ್ಯನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತದ ಪಾಠ ಮಾಡಿಸಿದರು. ಕರ್ನಾಟಕ ಸಂಗೀತದ ಪಾಠಕ್ರಮವನ್ನು ಬಲ್ಲವರಿಗೆ ಅದರ ಕಟ್ಟುನಿಟ್ಟು ಗೊತ್ತು. ಮೊದಲು ಸರಳೆವರಸೆ, ಬಳಿಕ ಜಂಟಿವರಸೆ, ಅನಂತರ ಏಳು ತಾಳಗಳ ಅಲಂಕಾರಗಳು, ಗೀತೆ, ಸ್ವರಜತಿ, ವರ್ಣ, ಕಡೆಗೆ ಕೃತಿ. ಪುರಂದರದಾಸರು ಹಾಕಿಕೊಟ್ಟುದೆಂದು ಪರಂಪರೆ ಹೇಳುವ ಈ ಕ್ರಮದಲ್ಲಿ ಮೆಟ್ಟಿಲನ್ನು ಹಾರಿಹೋಗುವಂತಿಲ್ಲ. ಒಂದು ವರಸೆ ಮೂರು ಕಾಲಗಳಲ್ಲಿ ನಿಲ್ಲದ ಹೊರತು ಮುಂದಿನ ವರಸೆ ದೊರಕದು. ಇದು ಪಾಠಪಟ್ಟಿಯಲ್ಲದೆ ಮತ್ತೇನು? ದಿನವೂ ಬೆಳಗಿನಲ್ಲಿ ಗುರುವಿನ ಮುಂದೆ ಹಿಂದಿನ ದಿನದ ಪಾಠವನ್ನು ಒಪ್ಪಿಸುವುದು ಪರೀಕ್ಷೆಯಲ್ಲದೆ ಮತ್ತೇನು? ಕಣ್ಣುಳ್ಳ ವಿದ್ಯಾರ್ಥಿ ಮರೆತುದನ್ನು ಪುಸ್ತಕದಲ್ಲಿ ನೋಡಿಕೊಳ್ಳಬಹುದು. ಪಂಚಾಕ್ಷರಿಯವರಿಗೆ ಆ ಆಸರೆಯೂ ಇರಲಿಲ್ಲ. ಸ್ವರ, ತಾಳ, ಸಾಹಿತ್ಯ ಮೂರನ್ನೂ ನೆನಪಿನಲ್ಲಿಯೇ ಇರಿಸಿಕೊಳ್ಳಬೇಕು. ಇರಿಸಿಕೊಂಡುದನ್ನು ದಿನವೂ ತಿರುವಿ ಹಾಕಬೇಕು.

ಕರ್ನಾಟಕ ಸಂಗೀತದಲ್ಲಿ ನೆಲೆ ಸಿಕ್ಕಮೇಲೆ ಹಿಂದೂಸ್ತಾನಿಯ ಕಲಿಕೆ ಆರಂಭವಾಯಿತು. ಮಿರಜಿನಲ್ಲಿ ನೆಲೆಸಿದ್ದ ಶ್ರೀ ನೀಲಕಂಠಬುವಾ ಆಲೂರಮಠ ಇವರು ಆಗ ಗ್ವಾಲಿಯರ್ ಘರಾಣೆಯ ಹಿರಿಯ ಗಾಯಕರು. ಶ್ರೀ ಬಾಲಕೃಷ್ಣಬುವಾ ಇಚಲಕರಂಜಿಕರರ ಶಿಷ್ಯರು. ಅವರ ಬಳಿ ಪಂಚಾಕ್ಷರಿಯವರು ಖ್ಯಾಲ್ ಗಾಯನವನ್ನು ಅಭ್ಯಾಸ ಮಾಡಿದರು. ಒಂದು ಪದ್ಧತಿಯಲ್ಲಿ ಪಳಗಿದ ಕಂಠವನ್ನು ಇನ್ನೊಂದು ಪದ್ಧತಿಗೆ ತಿರುಗಿಸುವುದು ಸುಲಭವಲ್ಲ. ಸ್ವರಗಳನ್ನು ಗಮಕದಿಂದ ತೂಗುವ ರೀತಿ ಅಲ್ಲಿ ಬೇರೆ, ಇಲ್ಲಿ ಬೇರೆ. ಹೆಸರೊಂದೇ ಆದರೂ ರಾಗಗಳ ರೂಪ ಬೇರೆ. ತಾಳದ ನಡೆ ಬೇರೆ. ಬಲ್ಲೆನೆಂಬ ಭಾವವನ್ನು ಬದಿಗಿಟ್ಟು ಷಡ್ಜದಿಂದಲೇ ಮತ್ತೆ ತೊಡಗುವ ವಿನಯ ಅದಕ್ಕೆ ಬೇಕು. ಅದಾದ ಮೇಲೂ ಅವರು ಕಲಿಕೆಯನ್ನು ನಿಲ್ಲಿಸಲಿಲ್ಲ. ಉಸ್ತಾದ್ ವಹೀದ್ ಖಾನರಿಂದಲೂ ಪಾಠ ಪಡೆದರು. ಜಂಗಮ ಕುಲದಲ್ಲಿ ಹುಟ್ಟಿದ, ಲಿಂಗಾಂಗಸಾಧನೆಯಲ್ಲಿದ್ದ ಗವಾಯಿಗಳು ಮುಸಲ್ಮಾನ ಉಸ್ತಾದರ ಮುಂದೆ ಶಿಷ್ಯರಾಗಿ ಕುಳಿತರು. ಅರಿವು ಎಲ್ಲಿದೆಯೋ ಅಲ್ಲಿ ಗುರುತ್ವವಿದೆ ಎಂದು ಶರಣರು ಬೋಧಿಸಿದ್ದನ್ನು ಅವರು ನಡೆಯಲ್ಲಿ ತೋರಿದರು.

ಹೀಗೆ ಎಣಿಸಿದರೆ, ಬಾಲ್ಯದಿಂದ ತಾರುಣ್ಯದವರೆಗೆ ಅವರ ಆಯುಷ್ಯದ ಬಹುಭಾಗ ಕಲಿಕೆಯಲ್ಲಿಯೇ ಕಳೆಯಿತು. ಇಂದಿನ ವಿದ್ಯಾರ್ಥಿಯೊಬ್ಬನು ಒಂದನೆಯ ತರಗತಿಯಿಂದ ಪದವಿಯವರೆಗೆ ಕಲಿಯುವ ಕಾಲಕ್ಕೆ ಅದು ಕಡಮೆಯಾದುದಲ್ಲ. ಪಂಚಾಕ್ಷರಿ ಗವಾಯಿಗಳಿಗೆ ಶಾಲೆಯ ದಾಖಲೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಆದರೆ ಕ್ರಮಬದ್ಧವಾದ ಶಿಕ್ಷಣವಿರಲಿಲ್ಲವೆಂದು ಹೇಳಿದರೆ ಅದು ಅವರ ಗುರುಗಳಿಗೂ ಅವರಿಗೂ ಮಾಡುವ ಅನ್ಯಾಯವಾಗುತ್ತದೆ.

ಇಲ್ಲಿ ಅದೇ ಗುರುಪರಂಪರೆಯ ಇನ್ನೊಬ್ಬ ಮಹನೀಯರನ್ನು ನೆನೆಯುವುದು ಉಚಿತ. ನೀಲಕಂಠಬುವಾ ಅವರ ಗುರುಗಳಾದ ಬಾಲಕೃಷ್ಣಬುವಾ ಅವರಿಗೆ ವಿಷ್ಣು ದಿಗಂಬರ ಪಲುಸ್ಕರರೆಂಬ ಶಿಷ್ಯರಿದ್ದರು. 1872ರಲ್ಲಿ ಕುರುಂದವಾಡದಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿ ಪಟಾಕಿಯ ಸಿಡಿತದಿಂದ ಕಣ್ಣಿಗೆ ಪೆಟ್ಟಾಯಿತು. ಓದು ಮುಂದುವರಿಯುವುದು ಅಸಾಧ್ಯವಾಗಿ ಅವರನ್ನು ಮಿರಜಿಗೆ ಸಂಗೀತ ಕಲಿಯಲು ಕಳುಹಿಸಿದರು. ಕಲಿತು ದೊಡ್ಡವರಾದ ಮೇಲೆ ಆ ಪಲುಸ್ಕರರು ಮಾಡಿದ ಕಾರ್ಯವೇನು? 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವೆಂಬ ಸಂಗೀತಶಾಲೆಯನ್ನು ತೆರೆದರು. ಪಾಠಪುಸ್ತಕಗಳನ್ನೂ ಸ್ವರಲಿಪಿಯನ್ನೂ ಸಿದ್ಧಪಡಿಸಿದರು. ಸಾಮಾನ್ಯ ಮನೆತನಗಳ ಮಕ್ಕಳಿಗೂ ಸಂಗೀತದ ಬಾಗಿಲನ್ನು ತೆರೆದರು. ಕಣ್ಣಿನ ಕಾರಣದಿಂದ ಶಾಲೆಗೆ ಹೊರಗಾದ ಇಬ್ಬರು, ಒಂದೇ ಪರಂಪರೆಯ ಇಬ್ಬರು, ತಾವು ಸಮರ್ಥರಾದೊಡನೆ ಶಾಲೆಯನ್ನೇ ಕಟ್ಟಿದರೆಂಬುದು ವಿಚಾರವಂತರು ಗಮನಿಸಬೇಕಾದ ಸಂಗತಿಯಾಗಿದೆ.

ಪಂಚಾಕ್ಷರಿ ಗವಾಯಿಗಳಿಗೆ ಕೀರ್ತಿ ಬಂದಿತು. ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲಿಯೂ ನಿಷ್ಣಾತರಾದವರು ಆಗಲೂ ವಿರಳ, ಈಗಲೂ ವಿರಳ. ಹಾಡುಗಾರಿಕೆಯ ಜತೆಗೆ ಹಾರ್ಮೋನಿಯಂ, ತಬಲಾಗಳಲ್ಲಿಯೂ ಅವರ ಕೈ ಪಳಗಿತ್ತು. ಸಭೆಯಿಂದ ಸಭೆಗೆ ಹೋಗಿ ಕಾಣಿಕೆ ಗಳಿಸಿ, ಒಂದು ಮನೆ ಕಟ್ಟಿಕೊಂಡು ಸುಖವಾಗಿರುವ ಅವಕಾಶ ಅವರಿಗಿತ್ತು. ಆದರೆ ಅವರು ಬ್ರಹ್ಮಚರ್ಯದ ವ್ರತವನ್ನು ಹಿಡಿದು, ತಾವು ಪಡೆದುದನ್ನು ತಮ್ಮಂತಹ ಮಕ್ಕಳಿಗೆ ಕೊಡುವುದನ್ನೇ ಬಾಳಿನ ಕಾಯಕವೆಂದು ತಿಳಿದರು. ಅಂಧರು, ಅನಾಥರು, ಬಡವರು, ಯಾರೇ ಬರಲಿ ಅವರನ್ನು ಸೇರಿಸಿಕೊಂಡರು. ಜಾತಿಮತಗಳನ್ನು ಕೇಳಲಿಲ್ಲ. ಹೀಗೆ ಹುಟ್ಟಿದ್ದು ಅವರ ಸಂಚಾರಿ ಸಂಗೀತ ಪಾಠಶಾಲೆ.

ಇದು ಗೋಡೆಯಿಲ್ಲದ ಶಾಲೆಯಾಗಿತ್ತು. ಗುರುವೂ ಶಿಷ್ಯರೂ ಊರಿಂದೂರಿಗೆ ಹೋಗುವರು. ಒಂದು ಗ್ರಾಮದ ಭಕ್ತರು ಬಿಡಾರಕ್ಕೆ ಸ್ಥಳವನ್ನೂ ಊಟಕ್ಕೆ ಧಾನ್ಯವನ್ನೂ ಒದಗಿಸಿದರೆ ಅಲ್ಲಿ ಕೆಲಕಾಲ ಪಾಠ ನಡೆಯುವುದು. ಸಂಜೆಗೆ ಊರವರ ಮುಂದೆ ಹಾಡು. ಧಾನ್ಯ ಮುಗಿದು ಮುಂದಿನ ಊರಿನ ಕರೆ ಬಂದರೆ ತಂಬೂರಿ, ತಬಲಾಗಳನ್ನು ಹೊತ್ತು ಪಯಣ. ಹಲವಾರು ಮಕ್ಕಳನ್ನು, ಅವರಲ್ಲಿಯೂ ಅಂಧಮಕ್ಕಳನ್ನು, ಕಣ್ಣಿಲ್ಲದ ಗುರುವೊಬ್ಬರು ಹೀಗೆ ನಡೆಸಿಕೊಂಡು ಹೋಗುವುದೆಂದರೆ ಅದು ಸಾಮಾನ್ಯವಾದ ಸಾಹಸವಲ್ಲ. ಇಂದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರವು ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುವುದನ್ನು ಕಂಡ ನಮ್ಮ ಭಾಗದ ಜನರಿಗೆ ತಿರುಗಾಟದ ಕಷ್ಟಸುಖಗಳು ತಿಳಿದಿವೆ. ವಾಹನ ಸೌಕರ್ಯಗಳಿಲ್ಲದ ದಿನಗಳಲ್ಲಿ ಗವಾಯಿಗಳು ಒಂದು ಶಾಲೆಯನ್ನೇ ಹೊತ್ತು ತಿರುಗಿದರು.

ಆ ಪಾಠಶಾಲೆಯ ಶಿಸ್ತೂ ಕಟ್ಟುನಿಟ್ಟಾದುದೇ ಆಗಿತ್ತು. ಗುರುಗಳು ತಾವು ಯಾವ ಮೆಟ್ಟಿಲುಗಳನ್ನು ಹತ್ತಿ ಬಂದಿದ್ದರೋ ಆ ಮೆಟ್ಟಿಲುಗಳಲ್ಲಿಯೇ ಶಿಷ್ಯರನ್ನೂ ಹತ್ತಿಸಿದರು. ಆ ನೆರಳಿನಲ್ಲಿ ಬೆಳೆದವರ ಹೆಸರುಗಳನ್ನು ನೋಡಿದರೆ ಸಾಕು: ಶ್ರೀ ಬಸವರಾಜ ರಾಜಗುರು, ಶ್ರೀ ಅರ್ಜುನಸಾ ನಾಕೋಡ, ವಚನಗಾಯನದಿಂದ ಮನೆಮಾತಾದ ಶ್ರೀ ಸಿದ್ಧರಾಮ ಜಂಬಲದಿನ್ನಿ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ನಡೆದಾಗ ತರುಣ ಬಸವರಾಜ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಆ ದಿನ ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಶಿಷ್ಯನು ಮುಂದೆ ಕುಳಿತು ಹಾಡುವುದು, ಗುರುವು ಪಕ್ಕದಲ್ಲಿ ಕುಳಿತು ತಾಳ ಕೊಡುವುದು. ಲೋಕದ ಮರ್ಯಾದೆಗೆ ಇದು ತಲೆಕೆಳಗಾಗಿ ಕಂಡೀತು. ಆದರೆ ಶಿಷ್ಯನ ಏಳಿಗೆಗಾಗಿ ತನ್ನ ಹಿರಿತನವನ್ನು ಇಳಿಸಿಡುವುದು ನಿಜವಾದ ಗುರುವಿನ ಲಕ್ಷಣ. ಯಾವ ಪ್ರಮಾಣಪತ್ರವೂ ಕೊಡಲಾರದ ಧೈರ್ಯವನ್ನು ಆ ತಬಲಾದ ಪೆಟ್ಟು ಆ ತರುಣನಿಗೆ ಕೊಟ್ಟಿರಬೇಕು.

ಈ ಶಿಷ್ಯವೃಂದದಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದವರು ಶ್ರೀ ಪುಟ್ಟರಾಜ ಗವಾಯಿಗಳು. ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಜನಿಸಿದ ಅವರು ಶೈಶವದಲ್ಲಿಯೇ ದೃಷ್ಟಿಯನ್ನೂ ತಂದೆಯನ್ನೂ ಕಳೆದುಕೊಂಡರು. ಸೋದರಮಾವನ ಆಸರೆಯಲ್ಲಿ ಬೆಳೆದು, ಪಂಚಾಕ್ಷರಿ ಗವಾಯಿಗಳ ಪಾಠಶಾಲೆಯನ್ನು ಸೇರಿದರು. ಗುರುವಿನಂತೆಯೇ ಶಿಷ್ಯರೂ ಎರಡೂ ಸಂಗೀತಗಳಲ್ಲಿ, ಹಲವು ವಾದ್ಯಗಳಲ್ಲಿ ಪ್ರವೀಣರಾದರು. ಆದರೆ ಶಿಷ್ಯರು ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಕ್ಷರಕ್ಕೂ ಕೈನೀಡಿದರು. ಫ್ರಾನ್ಸ್ ದೇಶದಲ್ಲಿ ಬಾಲ್ಯದಲ್ಲಿಯೇ ಅಂಧನಾದ ಲೂಯಿ ಬ್ರೈಲ್ ಎಂಬಾತನು ಆರು ಚುಕ್ಕೆಗಳನ್ನು ಬೆರಳಿನಿಂದ ತಡವಿ ಓದುವ ಲಿಪಿಯನ್ನು ರಚಿಸಿ 1829ರಲ್ಲಿ ಪ್ರಕಟಿಸಿದನು. ಆತನೂ ಸಂಗೀತಗಾರನೇ; ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆ ಬ್ರೈಲ್ ಲಿಪಿಯನ್ನು ಪುಟ್ಟರಾಜ ಗವಾಯಿಗಳು ಕಲಿತು ಕನ್ನಡ, ಹಿಂದಿ, ಸಂಸ್ಕೃತ ಮೂರು ಭಾಷೆಗಳಲ್ಲಿಯೂ ಗ್ರಂಥಗಳನ್ನು ರಚಿಸಿದರು. ಬಸವಣ್ಣನವರ ಚರಿತೆಯನ್ನು ಹಿಂದಿಯಲ್ಲಿ ಪುರಾಣವಾಗಿ ಬರೆದರು. ಶಾಲೆಯನ್ನು ಕಾಣದೆಯೂ ಬಾಳು ಸಾಗುತ್ತದೆಂದು ಆ ಪರಂಪರೆ ನಂಬಿದ್ದರೆ, ಶಿಷ್ಯರು ಚುಕ್ಕೆಗಳನ್ನು ತಡವುತ್ತ ಇಷ್ಟು ಶ್ರಮಪಡುವ ಕಾರಣವಿರಲಿಲ್ಲ. ಅಕ್ಷರದ ಬೆಲೆಯನ್ನು ಅದು ದಕ್ಕದವರು ಬಲ್ಲರು.

ಊರೂರು ತಿರುಗಿದ ಪಾಠಶಾಲೆಗೆ ಕಡೆಗೆ ಗದಗಿನಲ್ಲಿ ನೆಲೆ ಸಿಕ್ಕಿತು. ಭಕ್ತರ ನೆರವಿನಿಂದ ಅಲ್ಲಿ ವೀರೇಶ್ವರ ಪುಣ್ಯಾಶ್ರಮವಾಯಿತು. ಆದರೆ ಆ ನೆಲೆಯಲ್ಲಿ ಬಹುಕಾಲ ವಿಶ್ರಮಿಸುವುದು ಗವಾಯಿಗಳಿಗೆ ವಿಧಿಸಿರಲಿಲ್ಲ. 1944ರ ಜೂನ್ 11ರಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಆಶ್ರಮದ ಭಾರ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರು ಅದನ್ನು ಅರವತ್ತಾರು ವರ್ಷ ಹೊತ್ತು, 2010ರಲ್ಲಿ ಪದ್ಮಭೂಷಣ ಗೌರವವನ್ನು ಪಡೆದು, ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಅವರ ಕಾಲದಲ್ಲಿ ಆಶ್ರಮದಿಂದ ಹೊರಬಂದ ಗಾಯಕರು, ವಾದ್ಯಗಾರರು, ಸಂಗೀತ ಶಿಕ್ಷಕರು, ಕೀರ್ತನಕಾರರು ನಾಡಿನ ಮೂಲೆಮೂಲೆಯಲ್ಲಿ ದುಡಿದು ಉಂಡರು. ಇಂದು ದೇಶವೆಲ್ಲ ಬಲ್ಲ ಗಾಯಕರಾದ ಶ್ರೀ ವೆಂಕಟೇಶಕುಮಾರರೂ ಆ ಆಶ್ರಮದಲ್ಲಿ ಹನ್ನೆರಡು ವರ್ಷ ಕಲಿತವರೇ. ಹನ್ನೆರಡು ವರ್ಷವೆಂಬುದನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಪಂಚಾಕ್ಷರಿ ಗವಾಯಿಗಳ ಜೀವನವನ್ನು ಕುರಿತ ಚಲನಚಿತ್ರ 1995ರಲ್ಲಿ ತೆರೆಗೆ ಬಂದು, ಅದರ ಸಂಗೀತಕ್ಕೂ ಗಾಯನಕ್ಕೂ ರಾಷ್ಟ್ರಪ್ರಶಸ್ತಿಗಳು ದೊರೆತವು. ಅದರಿಂದ ಅವರ ಹೆಸರು ಹೊಸ ತಲೆಮಾರಿಗೂ ಮುಟ್ಟಿತು.

ಇಷ್ಟನ್ನು ನೋಡಿದ ಮೇಲೆ ಮೊದಲಿನ ಪ್ರಶ್ನೆಗೆ ಮರಳಬಹುದು. ಶಾಲೆಯ ಓದು ಹೆಚ್ಚಿಲ್ಲದೆ ಸಂಗೀತದ ಶಿಖರವನ್ನು ಮುಟ್ಟಿದವರು ನಮ್ಮ ನಾಡಿನಲ್ಲಿ ಒಬ್ಬರೇ ಅಲ್ಲ. ಧಾರವಾಡದ ಬಳಿಯ ಮನಸೂರಿನ ಶ್ರೀ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿಯೇ ಶಾಲೆ ಬಿಟ್ಟು ನಾಟಕ ಮಂಡಳಿಯನ್ನು ಸೇರಿದವರು. ಶ್ರೀಮತಿ ಗಂಗೂಬಾಯಿ ಹಾನಗಲ್ಲರ ಓದು ಐದನೆಯ ತರಗತಿಗೆ ನಿಂತಿತು. ಮುಂದೆ ಮನಸೂರರು ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ಮುನ್ನಡೆಸಿದರು. ಗಂಗೂಬಾಯಿಯವರು ಅಲ್ಲಿ ಗೌರವ ಪ್ರಾಧ್ಯಾಪಕರಾದರು. ಇಬ್ಬರಿಗೂ ಪದ್ಮವಿಭೂಷಣ ಸಂದಿತು. ಆದುದರಿಂದ ಪದವಿಯ ಕಾಗದವೇ ಗಾಯಕನನ್ನು ಮಾಡುತ್ತದೆಂಬ ಮಾತು ಸುಳ್ಳು. ಅದನ್ನು ಒಪ್ಪಲೇಬೇಕು.

ಆದರೆ ಇದರ ಇನ್ನೊಂದು ಮುಖವನ್ನು ಮುಚ್ಚಿಡಲಾಗದು. ಮನಸೂರರೂ ಮಿರಜಿನ ನೀಲಕಂಠಬುವಾ ಅವರ ಮನೆಯಲ್ಲಿ ವರ್ಷಗಟ್ಟಲೆ ಕಲಿತವರು. ಬಳಿಕ ಜಯಪುರ ಘರಾಣೆಯ ಮಂಜಿಖಾನ, ಭುರ್ಜಿಖಾನರ ಬಳಿ ಮತ್ತೆ ವಿದ್ಯಾರ್ಥಿಯಾದವರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರ ಮುಂದೆ ಪಲುಕುಗಳನ್ನು ತಿದ್ದಿಕೊಂಡವರು. ಇವರು ಶಾಲೆಯನ್ನು ಬಿಟ್ಟರಲ್ಲದೆ ಶಿಕ್ಷಣವನ್ನು ಬಿಡಲಿಲ್ಲ. ಮತ್ತೊಂದು ಮಾತು: ಗೆದ್ದವರ ಹೆಸರು ಲೋಕಕ್ಕೆ ಗೊತ್ತು. ಶಾಲೆ ಬಿಟ್ಟು ಮಂಡಳಿ ಸೇರಿ, ಕಂಠ ಒಡೆದ ಮೇಲೆ ಹಾಡೂ ಇಲ್ಲದೆ ಓದೂ ಇಲ್ಲದೆ ಮರೆಯಾದ ಬಾಲಕರ ಹೆಸರನ್ನು ಯಾರೂ ಬರೆದಿಡಲಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ದಾರಿ ನಿಶ್ಚಯಿಸುವುದು ವಿವೇಕವಲ್ಲ.

ಸಂಗೀತವೊಂದೇ ಜೀವನವೂ ಅಲ್ಲ. ಕಲಾವಿದನಾದವನಿಗೂ ಕರಾರನ್ನು ಓದಿ ಸಹಿ ಹಾಕುವ ಶಕ್ತಿ ಬೇಕು, ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಶಕ್ತಿ ಬೇಕು. ವಚನವನ್ನು ಹಾಡುವವನಿಗೆ ಆ ವಚನದ ಅರ್ಥವೂ ಗೊತ್ತಿರಬೇಕು. ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ತಿಳಿಯದೆ ಹಾಡಿದರೆ ರಾಗ ಉಳಿದು ಅನುಭಾವ ಹೋಗುತ್ತದೆ. ಶರಣರು ಯಾರನ್ನೂ ಯಾವ ಪಾಠಶಾಲೆಯಲ್ಲಿ ಓದಿದೆಯೆಂದು ಕೇಳದೆ ಅನುಭವಮಂಟಪದಲ್ಲಿ ಕೂರಿಸಿದರು. ಅಂಬಿಗನೂ ಮಡಿವಾಳನೂ ಅಲ್ಲಿ ಅರಿವಿನ ಮಾತಾಡಿದರು. ಆದರೆ ಶರಣರು ಅಜ್ಞಾನವನ್ನು ಎಂದೂ ಹೊಗಳಲಿಲ್ಲ. ವಿದ್ಯೆಯ ಅಹಂಕಾರವನ್ನು ಅವರು ಹಳಿದರು, ವಿದ್ಯೆಯನ್ನು ಹಳಿಯಲಿಲ್ಲ.

ನಮ್ಮ ಸೀಮೆಯ ಹಿರಿಯ ಗುರುಗಳು ಇದನ್ನು ಚೆನ್ನಾಗಿ ಅರಿತಿದ್ದರು. ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರು ದೂರದ ಪಟ್ಟಣಗಳಲ್ಲಿಯೂ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯಗಳನ್ನು ತೆರೆದರು. ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ 1914ರಲ್ಲಿ ಜನಿಸಿದ ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು 1992ರಲ್ಲಿ ಲಿಂಗೈಕ್ಯರಾಗುವವರೆಗೆ ಹಳ್ಳಿಹಳ್ಳಿಗೂ ಶಾಲೆಯನ್ನು ಮುಟ್ಟಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದರು. ಅದರ ಜತೆಗೇ ನಾಟಕಗಳನ್ನು ಬರೆದು ಕಲೆಯನ್ನೂ ಬೆಳೆಸಿದರು. ಶಾಲೆಯೊಂದು ಕೈಯಲ್ಲಿ, ಕಲೆಯೊಂದು ಕೈಯಲ್ಲಿ. ಒಂದನ್ನು ಹಿಡಿಯಲು ಇನ್ನೊಂದನ್ನು ಚೆಲ್ಲಬೇಕಾಗಲಿಲ್ಲ.

ಆದುದರಿಂದ ಹಾಡುವ ಮಗುವಿರುವ ಮನೆಯವರು ಶಾಲೆಯೋ ಸಂಗೀತವೋ ಎಂದು ತೂಗುವುದನ್ನು ಬಿಟ್ಟು ಬೇರೆ ಮೂರು ಪ್ರಶ್ನೆಗಳನ್ನು ತಮ್ಮಲ್ಲಿಯೇ ಕೇಳಿಕೊಳ್ಳುವುದು ಲೇಸು. ಮಗುವಿಗೆ ಗುರು ಸಿಕ್ಕಿದ್ದಾರೆಯೆ? ದಿನವೂ ತಪ್ಪದೆ ಅಭ್ಯಾಸಕ್ಕೆ ಕುಳ್ಳಿರಿಸುವ ಶಿಸ್ತು ಮನೆಯಲ್ಲಿದೆಯೆ? ಹತ್ತಾರು ವರ್ಷ ಕಾಯುವ ತಾಳ್ಮೆ ನಮಗಿದೆಯೆ? ಇವು ಮೂರೂ ಇದ್ದರೆ ಬೆಳಗಿನ ಒಂದು ಗಂಟೆ ತಂಬೂರಿಗೆ, ಹಗಲು ಶಾಲೆಗೆ ಸಲ್ಲುವುದು ಕಷ್ಟವಲ್ಲ. ಇವು ಇಲ್ಲದೆ ಶಾಲೆ ಬಿಡಿಸಿದರೆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಹೆಣ್ಣುಮಗುವಿನ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಹಾಡಿಗೂ ಓದಿಗೂ ಮೊದಲು ಕತ್ತರಿ ಬೀಳುವುದು ಅವಳ ಪಾಲಿಗೇ.

ಅಂಧರಾದ ಅಥವಾ ಬೇರೆ ವಿಧದ ಊನವುಳ್ಳ ಮಕ್ಕಳ ತಂದೆತಾಯಿಗಳಿಗೆ ಒಂದು ವಿಶೇಷ ಬಿನ್ನಹ. ಗದಿಗೆಯ್ಯನ ಕಾಲದಲ್ಲಿ ಇಲ್ಲದಿದ್ದ ಬಾಗಿಲು ಇಂದು ತೆರೆದಿದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗೊತ್ತುಪಡಿಸಿದ ಪ್ರಮಾಣದ ಊನವುಳ್ಳ ಮಕ್ಕಳಿಗೆ ಆ ಹಕ್ಕನ್ನು ಹದಿನೆಂಟು ವರ್ಷದವರೆಗೆ ವಿಸ್ತರಿಸಿದೆ. ಹೀಗಿರುವಾಗ ಮಗುವಿಗೆ ಕಣ್ಣಿಲ್ಲ, ಹಾಡಿಕೊಂಡಿರಲಿ ಎಂದು ಮನೆಯಲ್ಲಿ ಕೂರಿಸುವುದು ಪಂಚಾಕ್ಷರಿ ಗವಾಯಿಗಳ ಹೆಸರನ್ನು ತಪ್ಪಾಗಿ ಬಳಸಿದಂತೆ. ಅವರ ಪರಂಪರೆಯವರು ಬೆರಳಿನಿಂದ ಅಕ್ಷರವನ್ನು ಹುಡುಕಿದರೆಂಬುದನ್ನು ಆ ತಂದೆತಾಯಿಗಳು ನೆನೆಯಬೇಕು.

ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡವಾಗಿ ಎರಡು ಗುಡ್ಡಗಳ ನಡುವೆ ಮಾರಿಕಣಿವೆಯ ಕಟ್ಟೆ ನಿಂತಿರುವುದನ್ನು ನಮ್ಮವರೆಲ್ಲ ನೋಡಿದ್ದಾರೆ. 1898ರಲ್ಲಿ ಆರಂಭವಾದ ಆ ಕೆಲಸ 1907ರಲ್ಲಿ ಮುಗಿಯಿತು. ಕಟ್ಟೆಗೆ ಮುಂಚೆಯೂ ನದಿ ಹರಿಯುತ್ತಿತ್ತು. ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಬತ್ತುತ್ತಿತ್ತು. ಕಟ್ಟೆ ನೀರನ್ನು ಹುಟ್ಟಿಸಲಿಲ್ಲ, ಹಿಡಿದು ನಿಲ್ಲಿಸಿತು. ಕಾಲುವೆಗಳು ಆ ನೀರನ್ನು ತೋಟಗಳಿಗೆ ಒಯ್ದವು. ಕಾಡಶೆಟ್ಟಿಹಳ್ಳಿಯ ಬಾಲಕನಲ್ಲಿ ಕಂಠವಿತ್ತು. ಅದು ಶಿವನಿತ್ತ ನೀರು. ಶ್ರೀ ಕುಮಾರಸ್ವಾಮಿಗಳವರೂ ಅವರು ಹುಡುಕಿದ ಗುರುಗಳೂ ಅದಕ್ಕೆ ಕಟ್ಟೆಯಾದರು. ತುಂಬಿದ ಮೇಲೆ ಪಂಚಾಕ್ಷರಿ ಗವಾಯಿಗಳು ಅದನ್ನು ತಮ್ಮ ಸುಖಕ್ಕೆ ಇರಿಸಿಕೊಳ್ಳದೆ ಪಾಠಶಾಲೆಯೆಂಬ ಕಾಲುವೆಯಲ್ಲಿ ಹರಿಸಿದರು. ನಮ್ಮ ಮನೆಯ ಮಗುವಿನಲ್ಲಿ ನೀರಿದೆಯೆಂದು ಕಂಡುಬಂದರೆ, ಕಟ್ಟೆ ಕಟ್ಟುವ ಕೆಲಸ ನಮ್ಮದು. ಆ ಮನೆಯವರಿಗೆ ಶಕ್ತಿಯಿಲ್ಲದಿದ್ದರೆ ಊರವರದು, ಮಠದ್ದು. ದಾಸೋಹವೆಂದರೆ ಅದೂ ಹೌದು.